ಬಸ್ಸಿನಲ್ಲಿ ಡೇಟಾ ತರೋದು: ಡಿಟಿಎನ್ (ಸಂಪರ್ಕ ಸಿಕ್ಕಾಗ ಮಾತ್ರ ಡೇಟಾ ಮುಂದೆ ಸಾಗಿಸುವ ನೆಟ್‌ವರ್ಕ್) ಸಾಫ್ಟ್‌ವೇರ್ ಹೇಗೆ ಬರೆಯಬೇಕು?

ಪ್ರಶ್ನೆ: ಸರ್, ಬೆಂಗಳೂರಲ್ಲಿ ಕೊನೇ ವರ್ಷದ ಇಂಜಿನಿಯರಿಂಗ್ ಓದುತ್ತಿದ್ದೇವೆ. ದೊಡ್ಡಬಳ್ಳಾಪುರದ ಕಡೆ ನೆಟ್‌ವರ್ಕ್ ಸಿಗದ ಹಳ್ಳಿಗಳ ಮಳೆಮಾಪಕದ ಡೇಟಾವನ್ನು ಬಸ್ಸಿನಲ್ಲಿಟ್ಟ ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಮೂಲಕ ಕಾಲೇಜಿಗೆ ತರುವ ಪ್ರಾಜೆಕ್ಟ್. ಈಗ ವೈಫೈ ಇದೆ, ಲೋರಾ (ಸ್ವಲ್ಪ ಡೇಟಾವನ್ನು ದೂರಕ್ಕೆ ಕಳಿಸುವ ರೇಡಿಯೋ) ಕೂಡ ಸೇರಿಸಿ ಅಂತಾರೆ ಗೈಡ್. ಪ್ರತಿ ಸಲ ಕೋಡ್ ಎಲ್ಲಾ ಕಿತ್ತುಹಾಕದ ಹಾಗೆ ಬರೆಯೋದು ಹೇಗೆ?

ಉತ್ತರ: ಒಳ್ಳೇ ಜಾಗ ಆರಿಸಿದ್ದೀರಿ. ಇಪ್ಪತ್ತು ವರ್ಷದ ಹಿಂದೆ ಡಾಕ್‌ನೆಟ್ ಪ್ರಯೋಗ ನಡೆದದ್ದು ಅಲ್ಲೇ. ಬಸ್ಸಿಗೆ ವೈಫೈ ಕಟ್ಟಿ, ಭೂಮಿ ಯೋಜನೆಯ ಜಮೀನು ದಾಖಲೆಯ ಅರ್ಜಿಗಳನ್ನು ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಒಯ್ಯುತ್ತಿದ್ದರು.

ಮೊದಲು ಡಿಟಿಎನ್‌ನ ನಿಯಮಾವಳಿಯಾದ ಬಂಡಲ್ ಪ್ರೋಟೋಕಾಲ್‌ನ 7ನೇ ಆವೃತ್ತಿ ಓದಿ (ಇಂಟರ್ನೆಟ್ ಮಾನದಂಡದ ದಾಖಲೆ ಆರ್‌ಎಫ್‌ಸಿ 9171, 2022). ಅದರಲ್ಲಿ ಬಂಡಲ್ (ಡೇಟಾದ ಕಟ್ಟು) ಬೇರೆ, ಅದನ್ನು ಸಾಗಿಸುವ ಕನ್ವರ್ಜೆನ್ಸ್ ಲೇಯರ್ ಬೇರೆ. ನಿಮ್ಮ ಕೋಡ್‌ನಲ್ಲೂ ಹಾಗೇ ಇರಲಿ. ವೈಫೈ ಆಗಲಿ ಲೋರಾ ಆಗಲಿ, ಅದಕ್ಕೆ ಬರೆದ ಅಡಾಪ್ಟರ್ ಕೋಡ್ ಹೇಳಬೇಕಾದ್ದು ಇಷ್ಟೇ: ಲಿಂಕ್ ಬಂತು, ಹೋಯ್ತು, ಒಂದು ಸಲಕ್ಕೆ ಇಷ್ಟು ಬೈಟ್ ಹಿಡಿಸುತ್ತೆ, ಕಳಿಸಿದ್ದು ಆ ಕಡೆ ಮುಟ್ಟಿತು. ಲೋರಾ ಪ್ಯಾಕೆಟ್‌ನಲ್ಲಿ 255 ಬೈಟ್‌ಗಿಂತ ಜಾಸ್ತಿ ಹಿಡಿಸೋದಿಲ್ಲ. ಆ 255 ನಿಮ್ಮ ರೂಟಿಂಗ್ (ಬಂಡಲ್ ಯಾವ ದಾರಿಗೆ ಅಂತ ತೀರ್ಮಾನಿಸುವ) ಕೋಡ್‌ನಲ್ಲಿ ಕಾಣಿಸಿದರೆ ಡಿಸೈನ್ ಕೆಟ್ಟಿತು ಅಂತಲೇ ಲೆಕ್ಕ. ರೂಟಿಂಗ್ ಮಾಡ್ಯೂಲ್ 'ಈ ಲಿಂಕ್‌ಗೆ ಕೊಡು' ಅಥವಾ 'ಇಟ್ಟುಕೋ' ಅಂದರೆ ಸಾಕು. ಅಳಿಸೋದು ಅದರ ಕೆಲಸ ಅಲ್ಲ.

ನಿಜವಾದ ತಲೆನೋವು ಗಡಿಯಾರ. ಪೈಗೆ ಬ್ಯಾಟರಿ ಗಡಿಯಾರ ಹಾಕಿಲ್ಲದಿದ್ದರೆ, ಹಳ್ಳಿಯಲ್ಲಿ ಕರೆಂಟ್ ಹೋಗಿ ಬಂದಾಗ ಸಮಯ ಹಿಂದೆ ಬಿದ್ದಿರುತ್ತೆ. ಸರಿಪಡಿಸಿಕೊಳ್ಳಲು ಇಂಟರ್ನೆಟ್ಟೂ ಇಲ್ಲ. ಆ ಸಮಯ ಹೊತ್ತ ಬಂಡಲ್ ಬಸ್ ಹತ್ತಿದ ಕೂಡಲೇ ಅವಧಿ ಮುಗಿದಿದೆ ಅಂತ ಅಳಿಸಿಹೋಗಬಹುದು. ಅದಕ್ಕೇ ಬಂಡಲ್‌ನ ಸೃಷ್ಟಿ ಸಮಯಕ್ಕೆ 0 ಹಾಕಿ, ಬಂಡಲ್ ಏಜ್ ಬ್ಲಾಕ್ (ಬಂಡಲ್‌ನ ವಯಸ್ಸು ಬರೆಯುವ ಭಾಗ) ಸೇರಿಸಿ. ತನ್ನ ಹತ್ತಿರ ಎಷ್ಟು ಹೊತ್ತು ಇತ್ತು ಅನ್ನೋದನ್ನು ದಾರಿಯ ಪ್ರತಿ ನೋಡ್ (ಬಂಡಲ್ ಹೊರುವ ಕಂಪ್ಯೂಟರ್) ಮಿಲಿಸೆಕೆಂಡ್ ಲೆಕ್ಕದಲ್ಲಿ ಕೂಡಿಸುತ್ತಾ ಹೋಗುತ್ತೆ. ಪೈ ಆಫ್ ಆಗಿದ್ದ ಹೊತ್ತು ಇದಕ್ಕೆ ಸಿಗೋದಿಲ್ಲ, ಹಾಗಾಗಿ ಲೈಫ್‌ಟೈಮ್ (ಬಂಡಲ್ ಉಳಿಯುವ ಅವಧಿ) ಧಾರಾಳವಾಗಿರಲಿ.

ಮರುಪ್ರಶ್ನೆ: ಆದರೆ ಮಳೆ ಯಾವಾಗ ಬಂತು ಅಂತ ಬರೆದಿಡೋಕೆ ಸಮಯ ಬೇಕಲ್ವಾ ಸರ್? ಇನ್ನೊಂದು, ಬಸ್ಸಿಗೆ ಕೊಟ್ಟ ಮೇಲೆ ಹಳ್ಳಿಯಲ್ಲಿ ಅಳಿಸಬಹುದಾ?

ಉತ್ತರ: ಬೇಕೇ ಬೇಕು. ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಡಿಎಸ್3231 ಗಡಿಯಾರ ಮಾಡ್ಯೂಲ್ ಕೇಳಿ, ಕೊಡುತ್ತಾರೆ. ಆದರೂ ಏಜ್ ಬ್ಲಾಕ್ ಬಿಡಬೇಡಿ, ಗಡಿಯಾರದ ಸೆಲ್ ಒಂದಲ್ಲ ಒಂದಿನ ಮುಗಿಯುತ್ತೆ.

ಅಳಿಸೋದು ಮಾತ್ರ ಬೇಡ. 2007ರ ಹಳೇ ಆವೃತ್ತಿ ಆರ್‌ಎಫ್‌ಸಿ 5050ರಲ್ಲಿದ್ದ ಕಸ್ಟಡಿ ಟ್ರಾನ್ಸ್‌ಫರ್ (ಬಂಡಲ್‌ನ ಹೊಣೆಯನ್ನು ಮುಂದಿನ ನೋಡ್‌ಗೆ ವಹಿಸುವುದು) 9171ರಲ್ಲಿ ಇಲ್ಲ. ಬಸ್ಸಿನ ಪೈ ಕೈಕೊಟ್ಟರೆ ಕೇಳೋರಿಲ್ಲ. ಕಾಲೇಜಿನ ಸರ್ವರ್ ಕೊಟ್ಟ ರಸೀದಿ ಬಸ್ಸಿನಲ್ಲೇ ವಾಪಸ್ ಬರಲಿ, ಆಮೇಲೆ ಅಳಿಸಿ. ಮಳೆ ಡೇಟಾ ಎಷ್ಟಿರುತ್ತೆ ಮಹಾ, ಎಸ್‌ಡಿ ಕಾರ್ಡ್ ತುಂಬೋದಿಲ್ಲ. ಒಂದೇ ಬಂಡಲ್ ಎರಡು ಸಲ ಬಂದರೆ ಕಳಿಸಿದ ನೋಡ್ ಮತ್ತು ಸೀಕ್ವೆನ್ಸ್ ನಂಬರ್ (ಬಂಡಲ್‌ನ ಕ್ರಮಸಂಖ್ಯೆ) ನೋಡಿ ಗುರುತಿಸಬಹುದು. ಸಮಯ 0 ಇರೋದರಿಂದ ಆ ನಂಬರ್ ರೀಬೂಟ್ ಆದರೂ ಮತ್ತೆ ಮೊದಲಿಂದ ಶುರುವಾಗಬಾರದು. ಡಿಸ್ಕ್‌ನಲ್ಲಿ ಬರೆದಿಡಿ.