ಬೆಳಗಾಗುವಷ್ಟರಲ್ಲಿ ಒಂದು ಕಣ್ಣು ಅರ್ಧ ಕತ್ತಲೆ: ಸೋಮವಾರದವರೆಗೆ ಕಾಯಬಹುದಾ?

ಪ್ರಶ್ನೆ (ಸಕಲೇಶಪುರ): ಡಾಕ್ಟ್ರೇ, ಅಪ್ಪನಿಗೆ 68 ವರ್ಷ, ಶುಗರ್, ಬಿಪಿ ಎರಡೂ ಇದೆ. ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಬಲಗಣ್ಣಲ್ಲಿ ಕೆಳಗಿನ ಅರ್ಧ ಕಾಣ್ತಿಲ್ಲ. ನೋವಿಲ್ಲ, ಕೆಂಪಾಗಿಲ್ಲ. ಪೊರೆ ಇರಬೇಕು ಅಂತಾರೆ ಮನೆಯಲ್ಲಿ. ಸೋಮವಾರ ಹಾಸನಕ್ಕೆ ಕರ್ಕೊಂಡು ಬಂದ್ರೆ ಸಾಕಾ?

ಉತ್ತರ (ನೇತ್ರವೈದ್ಯೆ, ಹಾಸನ): ಸಾಲದು, ಇವತ್ತೇ ಹೊರಡಿ. ಪೊರೆ ತಿಂಗಳುಗಟ್ಟಲೆ ಮಂಜಾಗುತ್ತಾ ಬರುತ್ತೆ, ಒಂದೇ ರಾತ್ರಿಯಲ್ಲಿ ಅರ್ಧ ನೋಟ ಹೋಗಲ್ಲ. ನೀವು ಹೇಳಿದ್ದು ಹೆಚ್ಚಾಗಿ ಕಣ್ಣಿನ ನರದ ತಲೆಗೆ ರಕ್ತ ಸಾಲದೆ ಆಗುವಂಥದ್ದು. ಕೆಲವರಿಗೆ ನರ ಕಣ್ಣುಗುಡ್ಡೆಯಿಂದ ಹೊರಗೆ ಹೋಗುವ ಕಿಂಡಿ ಹುಟ್ಟಿನಿಂದಲೇ ಕಿರಿದು. ರಕ್ತ ಕಡಿಮೆಯಾದಾಗ ನರ ಊದುತ್ತೆ, ಊದಲು ಜಾಗವಿಲ್ಲದೆ ತನ್ನ ರಕ್ತನಾಳಗಳನ್ನೇ ಹಿಸುಕುತ್ತೆ. ಕಣ್ಣಿನ ಹಿಂಭಾಗದ ಪರದೆ, ಅಂದರೆ ರೆಟಿನಾ, ಕಳಚಿದರೂ ಹೀಗೇ ಆಗಬಹುದು, ಹಾಗಾಗಿ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ನೋಡಲೇಬೇಕು.

ಬಸ್ಸಲ್ಲಿ ಬರುತ್ತಾ ಅಪ್ಪನನ್ನು ಕೇಳಿ: ಕಣತಲೆ ನೋಯುತ್ತಾ? ತಲೆ ಬಾಚಿದರೆ ನೋವಾ? ರೊಟ್ಟಿ ಅಗಿಯುವಾಗ ದವಡೆ ಸೋಲುತ್ತಾ? ಜ್ವರ, ತೂಕ ಇಳಿದದ್ದು? ಯಾವುದಕ್ಕಾದರೂ ಹೌದು ಅಂದರೆ ಅದು ರಕ್ತನಾಳದ ಉರಿಯೂತ ಇರಬಹುದು. ನಮ್ಮಲ್ಲಿ ಅಪರೂಪ, ಆದರೆ ಕೆಲವೇ ದಿನದಲ್ಲಿ ಇನ್ನೊಂದು ಕಣ್ಣಿನ ನೋಟವನ್ನೂ ಕಿತ್ತುಕೊಳ್ಳಬಹುದು. ಅವತ್ತೇ ಇಎಸ್‌ಆರ್, ಸಿಆರ್‌ಪಿ ಎಂಬ ಉರಿಯೂತ ತೋರಿಸುವ ರಕ್ತಪರೀಕ್ಷೆ ಮಾಡಿಸಬೇಕು. ಅನುಮಾನ ಬಲವಾಗಿದ್ದರೆ ಕಣತಲೆಯ ರಕ್ತನಾಳದ ಚೂರು ತೆಗೆದು ನೋಡುವ ಬಯಾಪ್ಸಿಗೆ ಕಾಯದೆ ಸ್ಟೀರಾಯ್ಡ್ ಶುರು ಮಾಡ್ತೀವಿ, ಸಾಮಾನ್ಯವಾಗಿ ದಿನಕ್ಕೆ 1 ಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್ ಡ್ರಿಪ್, 3 ದಿನ. ಶುಗರ್ ಏರುತ್ತೆ, ಅದಕ್ಕೇ ದಾಖಲಾಗಿಯೇ ತಗೋಬೇಕು.

ಪ್ರಶ್ನೆ: ಅಂಥದ್ದೇನೂ ಇಲ್ವಂತೆ. ಹಾಗಾದ್ರೆ ಹೋದ ನೋಟ ವಾಪಸ್ ಬರುತ್ತಾ?

ಉತ್ತರ: ಕೆಲವರಿಗೆ ಸ್ವಲ್ಪ ಸುಧಾರಿಸುತ್ತೆ, ಪೂರ್ತಿ ಬರುವುದು ಕಡಿಮೆ. ಉರಿಯೂತವಿಲ್ಲದ ಈ ಥರದ್ದಕ್ಕೆ ಖಚಿತವಾದ ಔಷಧಿ ಇಲ್ಲ. ಬಿ12 ಕೊರತೆ ಇಲ್ಲದವರಿಗೆ ‘ನರದ ಇಂಜೆಕ್ಷನ್’ ದುಡ್ಡು ದಂಡ, ಅಷ್ಟೇ. ಕೆಲಸ ಇರುವುದು ಎಡಗಣ್ಣು ಕಾಪಾಡುವುದರಲ್ಲಿ: 5 ವರ್ಷದೊಳಗೆ ಅದಕ್ಕೂ ಆಗುವ ಸಂಭವ ಸುಮಾರು ನೂರಕ್ಕೆ 15. ಬಿಪಿ ಮಾತ್ರೆ ರಾತ್ರಿ ನುಂಗ್ತಾರಾ? ನಿದ್ದೆಯಲ್ಲಿ ಬಿಪಿ ಮೊದಲೇ ಇಳಿದಿರುತ್ತೆ, ಮಾತ್ರೆ ಇನ್ನಷ್ಟು ಇಳಿಸುತ್ತೆ. ನೀವಾಗಿ ನಿಲ್ಲಿಸಬೇಡಿ, ಬೆಳಿಗ್ಗೆಗೆ ಬದಲಿಸಬಹುದಾ ಅಂತ ಫಿಜಿಶಿಯನ್ನರನ್ನು ಕೇಳಿ. ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟಿದರೆ ಅದನ್ನೂ ಹೇಳಿ, ಅದಕ್ಕೂ ಈ ತೊಂದರೆಗೂ ನಂಟಿದೆ.

ಪ್ರಶ್ನೆ (ಅರಸೀಕೆರೆ): ಅರ್ಧ ಅಲ್ಲ, ಕ್ಷಣದಲ್ಲಿ ಇಡೀ ಕಣ್ಣು ಕತ್ತಲಾದರೆ?

ಉತ್ತರ: ಕಣ್ಣಿನ ರಕ್ತನಾಳಕ್ಕೆ ಹೆಪ್ಪು ಅಡ್ಡ ಬಂದಿರಬಹುದು, ಅದನ್ನು ಪಾರ್ಶ್ವವಾಯು ಅಂತಲೇ ತಿಳಿಯಿರಿ. ಕನ್ನಡಕದ ಅಂಗಡಿಗಲ್ಲ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಹೆಪ್ಪು ಕರಗಿಸುವ ಔಷಧಿ ಕೊಡುವುದಾದರೆ ಇರುವ ಸಮಯ ನಾಲ್ಕೂವರೆ ಗಂಟೆ. ನೋಟ ಹೋದ ಗಂಟೆಯನ್ನು ಬರೆದಿಟ್ಟುಕೊಂಡು ಹೊರಡಿ, ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ.