ಅಡಿಕೆ ತೋಟ, ಷರಿಯತ್ತು ಮತ್ತು ನಾಗರಾಜನ ಫಾರ್ವರ್ಡು

(ಲಾ ಕಾಲೇಜು ಬ್ಯಾಚ್ ಗುಂಪು)

ನಾಗರಾಜ: ಫಾರ್ವರ್ಡ್: "1937ರ ಷರಿಯತ್ ಕಾಯ್ದೆಯಿಂದ ಮುಸ್ಲಿಮರ ಎಲ್ಲಾ ಆಸ್ತಿಗೂ ದೇಶಪೂರ್ತಿ ಒಂದೇ ಕಾನೂನು. ಮಗಳಿಗೆ ಅರ್ಧ ಪಾಲು."

ರಫೀಕ್: ಎರಡು ವಾಕ್ಯ, ಎರಡೂ ತಪ್ಪು 😄 ಸೆಕ್ಷನ್ 2 ಓದು ಮಾರಾಯ. ಕೃಷಿ ಜಮೀನನ್ನು ಅಲ್ಲೇ ಹೊರಗಿಟ್ಟಿದ್ದಾರೆ.

ಸುಮಾ: ಯಾಕೆ ಅಂತಲೂ ಹೇಳು. 1935ರ ಭಾರತ ಸರ್ಕಾರ ಕಾಯ್ದೆ ಕೃಷಿ ಜಮೀನಿನ ವಾರಸುದಾರಿಕೆಯನ್ನ ಪ್ರಾಂತ್ಯಗಳಿಗೆ ಬಿಟ್ಟಿತ್ತು. ಕೇಂದ್ರ ಶಾಸನಸಭೆಗೆ ಕೈ ಹಾಕೋ ಅಧಿಕಾರವೇ ಇರಲಿಲ್ಲ.

ನಾಗರಾಜ: ಹಾಗಾದ್ರೆ ಪುತ್ತೂರಿನ ಅಡಿಕೆ ತೋಟಕ್ಕೆ ಷರಿಯತ್ ಇಲ್ವಾ?

ರಫೀಕ್: ಉಂಟು! 1949ರಲ್ಲಿ ಮದ್ರಾಸ್ ಆ ವಿನಾಯಿತಿಯನ್ನೇ ತೆಗೆದುಹಾಕಿತು. ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಆಗ ಮದ್ರಾಸಿನಲ್ಲಿತ್ತಲ್ಲ, 1956ರಲ್ಲಿ ಈಚೆ ಬರುವಾಗ ಕಾನೂನನ್ನೂ ಹೊತ್ತು ತಂದಿತು. ನಿಮ್ಮ ಮಂಡ್ಯದ ಗದ್ದೆಗೆ ಆ ತಿದ್ದುಪಡಿ ಇಲ್ಲ.

ಶಬಾನಾ: ತಡೀರಿ. ಹೊರಗಿಟ್ಟಿದ್ದಾರೆ ಅಂದ್ರೆ ಮಂಡ್ಯದಲ್ಲಿ ಜಮೀನು ಗಂಡುಮಕ್ಕಳಿಗೇ ಅಂತಲ್ಲ. ಅಲ್ಲಿ ರೂಢಿಗೆ ಜಾಗ ಉಳೀತು, ಅಷ್ಟೇ. ರೂಢಿ ಇದೆ ಅನ್ನೋನೇ ಅದನ್ನ ಸಾಬೀತು ಮಾಡಬೇಕು: ಹಳೇದು, ಖಚಿತವಾದ್ದು, ಎಡೆಬಿಡದೆ ನಡೆದದ್ದು. ಆಗದಿದ್ರೆ ಮತ್ತೆ ಮುಸ್ಲಿಂ ಕಾನೂನೇ.

ಸುಮಾ: ಪಂಜಾಬಿನಲ್ಲಿ 1872ರ ಕಾಯ್ದೆಯೇ ರೂಢಿಗೆ ಮೊದಲ ಮಣೆ ಹಾಕಿ ಹೆಣ್ಣುಮಕ್ಕಳ ಜಮೀನು ತಪ್ಪಿಸಿತು. ಉತ್ತರ ಮಲಬಾರಿನಲ್ಲಿ ಉಲ್ಟಾ. ಅಲ್ಲಿನ ಮಾಪಿಳ್ಳೆ ಮುಸ್ಲಿಮರ ತರವಾಡುಗಳಲ್ಲಿ (ಕೂಡುಕುಟುಂಬಗಳಲ್ಲಿ) ನಮ್ಮ ಅಳಿಯಸಂತಾನದ ಥರ ಮರುಮಕ್ಕತ್ತಾಯಂ, ಅಂದ್ರೆ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯೋದು. 1918ರಲ್ಲಿ ಸ್ವಯಾರ್ಜಿತ (ಸ್ವಂತ ದುಡಿದ) ಆಸ್ತಿ ಮಾತ್ರ ಷರಿಯತ್ತಿಗೆ ಬಂತು. ಅದಕ್ಕೇ ಷರಿಯತ್ತಿನಿಂದ ಹೆಣ್ಣುಮಕ್ಕಳಿಗೆ ಎಲ್ಲೆಡೆ ಲಾಭ ಅನ್ನೋ ಮಾತು ನಾನು ಒಪ್ಪಲ್ಲ.

ನಾಗರಾಜ: ಆ ಅರ್ಧ ಪಾಲು?

ಶಬಾನಾ: ಗಂಡುಮಕ್ಕಳಿಲ್ಲದೆ ಒಬ್ಬಳೇ ಮಗಳಿದ್ರೆ ಅರ್ಧ. ಮಗನೂ ಇದ್ರೆ ಲೆಕ್ಕ ಬೇರೆ. ಸತ್ತವನ ತಂದೆತಾಯಿ ಇಲ್ಲ. ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಅನ್ನು. 32 ಪಾಲು ಮಾಡು: ಹೆಂಡತಿಗೆ 4, ಮಗನಿಗೆ 14, ಹೆಣ್ಣುಮಕ್ಕಳಿಗೆ ಏಳೇಳು. ಅದಕ್ಕೂ ಮೊದಲು ಕಫನ್-ದಫನ್ ಖರ್ಚು, ಸಾಲ, ಉಳಿದದ್ದರಲ್ಲಿ ಮೂರನೇ ಒಂದು ಭಾಗ ಮೀರದ ಉಯಿಲು. ಕೊಡದೆ ಉಳಿದ ಮಹರ್ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ಹಣ) ಕೂಡ ಸಾಲವೇ. ಜನ ಮರೆಯೋದು ಇದನ್ನೇ.

ರಫೀಕ್: ಇನ್ನೊಂದು, ಪೌತಿ ಖಾತೆಗೆ ಕೊಡುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಹಾರಿಸುವುದು. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ. ತಂಗಿ ವಿಭಾಗದ ದಾವೆ ಹಾಕಿದ ದಿನ ಗೊತ್ತಾಗ್ತದೆ.

ನಾಗರಾಜ: ಸರಿ ಸರಿ, ಡಿಲೀಟ್ ಮಾಡಿದೆ.

ಸುಮಾ: ಹಾಸ್ಟೆಲ್ ಗುಂಪಿನಲ್ಲೂ ಹಾಕಿದ್ದೀಯ. ಅಲ್ಲೂ ತೆಗಿ.