ಅಪ್‌ಡೇಟ್: ನಮ್ಮ ಸೀರೆ ಅಂಗಡಿಯ ವೆಬ್‌ಸೈಟ್ ಕೊನೆಗೂ ಗೂಗಲ್‌ನಲ್ಲಿ ಸಿಗುತ್ತಿದೆ

ಚಿತ್ರದುರ್ಗದಲ್ಲಿರುವ ನಮ್ಮ ಮೊಳಕಾಲ್ಮುರು ಸೀರೆ ಅಂಗಡಿಯ ವೆಬ್‌ಸೈಟ್, ಅಂಗಡಿಯ ಹೆಸರನ್ನೇ ಬರೆದು ಹುಡುಕಿದರೂ ಗೂಗಲ್‌ನಲ್ಲಿ ಸಿಗುತ್ತಿಲ್ಲವೆಂದು ಮೂರು ವಾರಗಳ ಹಿಂದೆ ಕೇಳಿದ್ದೆ. ಈಗ ಸಿಗುತ್ತಿದೆ, ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ವಂದನೆಗಳು.

ಫಲ ಕೊಟ್ಟದ್ದು, ಸರ್ಚ್ ಕನ್ಸೋಲ್‌ನಲ್ಲಿ (ಹುಡುಕಾಟದಲ್ಲಿ ಸೈಟ್‌ನ ಸ್ಥಿತಿಯನ್ನು ಅದರ ಮಾಲೀಕರಿಗೆ ತೋರಿಸುವ ಗೂಗಲ್‌ನ ಸಾಧನ) ಪುಟದ ವಿಳಾಸವನ್ನು ಹಾಕಿ ಪರೀಕ್ಷಿಸಿರಿ ಎಂಬ ಸಲಹೆ. ಹಾಗೆ ನೋಡಿದಾಗ, ಸೈಟ್ ಸಿದ್ಧವಾಗುವವರೆಗೆ ಹುಡುಕಾಟದ ಫಲಿತಾಂಶದಲ್ಲಿ ಯಾರಿಗೂ ಕಾಣದಿರಲೆಂದು ಮಾಡಿಕೊಟ್ಟವರು ಹಾಕಿದ್ದ ‘ನೋಇಂಡೆಕ್ಸ್’ ಸೂಚನೆ ಪ್ರತಿ ಪುಟದಲ್ಲೂ ಹಾಗೆಯೇ ಉಳಿದಿರುವುದು ತಿಳಿಯಿತು. ಅದನ್ನು ತೆಗೆಸಿ, ಸೈಟ್‌ಮ್ಯಾಪ್ (ಸೈಟ್‌ನ ಪುಟಗಳ ಪಟ್ಟಿ) ಸಲ್ಲಿಸಿ, ಮುಖ್ಯ ಪುಟಗಳನ್ನು ಸೇರಿಸಿಕೊಳ್ಳುವಂತೆ ಗೂಗಲ್‌ಗೆ ಕೋರಿದ ಆರನೆಯ ದಿನ ಮುಖಪುಟ ಕಾಣಿಸಿಕೊಂಡಿತು. ಎಲ್ಲ ಪುಟಗಳ ಶೀರ್ಷಿಕೆಯೂ ‘ಹೋಮ್’ ಎಂದಿದ್ದುದನ್ನು ಬದಲಿಸಿ, ಸೀರೆಯ ಬಗೆ ಮತ್ತು ಊರಿನ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ.

ಕೀವರ್ಡ್ಸ್ ಮೆಟಾ ಟ್ಯಾಗ್ (ಪುಟದ ಕೋಡ್‌ನಲ್ಲಿ ಹುಡುಕುಪದಗಳನ್ನು ಪಟ್ಟಿ ಮಾಡುವ ಜಾಗ) ತುಂಬಲು ಎರಡು ಸಂಜೆ ವ್ಯಯಿಸಿದ್ದರಿಂದ ಪ್ರಯೋಜನವಾಗಲಿಲ್ಲ. ಫಲಿತಾಂಶಗಳ ಕ್ರಮವನ್ನು ನಿರ್ಧರಿಸಲು ಅದನ್ನು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಸ್ಪಷ್ಟಪಡಿಸಿದೆ.

ಹಳೆಯ ಬೆಲೆಪಟ್ಟಿಯನ್ನು ಮರೆಮಾಡಲು ಹೊರಟಾಗ ಇನ್ನೊಂದು ವಿಷಯ ಕಲಿತೆ. ಯಾವ ಪುಟಗಳನ್ನು ಓದಬಾರದೆಂದು ಗೂಗಲ್‌ನಂತಹ ಹುಡುಕಾಟ ತಾಣಗಳಿಗೆ ತಿಳಿಸುವ ರೋಬಾಟ್ಸ್ ಕಡತದಲ್ಲಿ (robots.txt) ಪುಟವನ್ನು ತಡೆದರೆ, ಅದರೊಳಗಿನ ನೋಇಂಡೆಕ್ಸ್ ಸೂಚನೆಯನ್ನು ಗೂಗಲ್ ಓದಲಾರದು. ಆದ್ದರಿಂದ ಬೇರೆ ಕಡೆಯ ಕೊಂಡಿಗಳ ಮೂಲಕ ಆ ವಿಳಾಸ ಫಲಿತಾಂಶದಲ್ಲಿ ಬರಬಹುದು.

ನಿನ್ನೆ ಹಿರಿಯೂರಿನ ಗ್ರಾಹಕರೊಬ್ಬರು ನವಿಲು ಅಂಚಿನ ಸೀರೆಯ ಪುಟವನ್ನು ಫೋನಿನಲ್ಲಿ ತೆರೆದು ಹಿಡಿದುಕೊಂಡೇ ಅಂಗಡಿಗೆ ಬಂದರು.